ತಪ್ಪಿನ ತೂಕ ತಿಳಿದೂ ಕೈಬಿಡದಿರುವುದು: ಚಿಕ್ಕಮಗಳೂರಿನ ಒಂದೂವರೆ ದಿನದ ಕುಟುಂಬ ಶಿಬಿರ ಹೇಗಿದೆ?

ಚಿಕ್ಕಮಗಳೂರು ಪೇಟೆಯ ಕ್ಯಾಥೋಲಿಕ್ ಧರ್ಮಕೇಂದ್ರವೊಂದರಲ್ಲಿ (ಚರ್ಚಿನಲ್ಲಿ) ಶನಿವಾರ ಇಡೀ ದಿನ, ಭಾನುವಾರ ಪೂಜೆ ಮುಗಿದ ಮೇಲೆ ಮಧ್ಯಾಹ್ನದ ಊಟದವರೆಗೆ, ಒಂದೇ ಮನೆಯವರು ಪರಸ್ಪರ ಕ್ಷಮಿಸಿ ಬಾಳುವುದನ್ನು ಕಲಿಸಲು ನಡೆಯುವ ಶಿಬಿರ ಇದು. ಮದುವೆಗೆ ಮುಂಚಿನ ತಯಾರಿ ತರಗತಿ ಬೇರೆ. ಇಲ್ಲಿಗೆ ಬರುವವರು ಮದುವೆಯಾಗಿ ವರ್ಷಗಳಾದ ದಂಪತಿ, ಒಂದೇ ಅಡುಗೆಮನೆ ಹಂಚಿಕೊಂಡ ಅತ್ತೆ-ಸೊಸೆ, ತೋಟ ಪಾಲಾಗದೆ ಒಟ್ಟಿಗಿರುವ ಅಣ್ಣತಮ್ಮಂದಿರು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ 1963ರಲ್ಲಿ ಸ್ಥಾಪನೆಯಾದ ಒಂದೇ ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪ್ಪರ ಆಡಳಿತಕ್ಕೆ) ಸೇರಿರುವುದರಿಂದ ಬೇಲೂರು, ಸಕಲೇಶಪುರದ ಕಡೆಯವರೂ ಇರುತ್ತಾರೆ. ಕ್ರೈಸ್ತರಲ್ಲದವರಿಗೂ ಅವಕಾಶ ಇದೆ, ಪೂಜೆಗೆ ಕೂರಲೇಬೇಕೆಂಬ ಕಟ್ಟುಪಾಡಿಲ್ಲ.

ಮೊದಲೇ ಹೇಳಿಬಿಡುತ್ತೇವೆ: ಹೋಗಿ. "ಕ್ಷಮಿಸಿಬಿಡಮ್ಮ, ಎಲ್ಲಾ ಸರಿಹೋಗುತ್ತೆ" ಎಂಬ ಮಾತು ಕೇಳಿ ಕೇಳಿ ರೋಸಿಹೋದವರಿಗೇ ಇದು ಹೆಚ್ಚು ಒದಗುತ್ತದೆ. ಎದುರಿನವರ ತಪ್ಪಿನ ಪೂರ್ತಿ ತೂಕ ಗೊತ್ತಿದ್ದೂ ಅವರನ್ನು ಕೈಬಿಡದಿರುವುದೇ ಯೇಸುಸ್ವಾಮಿ ತೋರಿಸಿದ ತಾಳ್ಮೆ. ಶಿಬಿರದ ಒಳ್ಳೆಯ ಭಾಗಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ, ಸೋಲುವ ಭಾಗಗಳು ಇದನ್ನು ಮರೆತಿವೆ.

ಶುರುವಾಗುವುದೇ ಲೆಕ್ಕದಿಂದ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಶಿಷ್ಯ ಪೇತ್ರ ಕೇಳಿದಾಗ ಯೇಸು ಹೇಳಿದ ಸಾಲಗಾರನ ಸಾಮತಿ (ನೀತಿಕಥೆ) ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಅದರ ಅಂಕಿಗಳನ್ನು ಎಲ್ಲರ ಕೈಯಲ್ಲೂ ಬರೆಸುತ್ತಾರೆ. ಒಂದು ದಿನಾರಿ ಎಂದರೆ ಕೂಲಿಯಾಳಿನ ಒಂದು ದಿನದ ದುಡಿಮೆ. ಒಂದು ತಲಾಂತು ಸುಮಾರು 6,000 ದಿನಾರಿ. ಕಥೆಯ ಒಡೆಯನು ತನ್ನ ಆಳಿಗೆ ಮನ್ನಾ ಮಾಡಿದ 10,000 ತಲಾಂತು ಸಾಲ ಆರು ಕೋಟಿ ದಿನದ ಕೂಲಿಯಾಯಿತು. ಆ ಆಳು ತನ್ನ ಜೊತೆಗಾರನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ. ಹೆಚ್ಚಿನ ಉಪದೇಶಗಳು ಇಲ್ಲಿ "ನೋಡಿ, ಎಷ್ಟು ಚಿಲ್ಲರೆ ಸಾಲ" ಎಂದು ಮುಂದೆ ಓಡುತ್ತವೆ. ಇಲ್ಲಿ ಓಡುವುದಿಲ್ಲ. ನೂರು ದಿನ ತೋಟದಲ್ಲಿ ಹಣ್ಣು ಕೊಯ್ದ ಕೂಲಿ ಕೈಗೆ ಬರಲಿಲ್ಲ ಅಂದರೆ ಆ ಮನೆಯ ಗತಿ ಏನು ಎಂದು ಕೇಳಿ, ಗುಂಪಿನಲ್ಲಿ ಮಾತಾಡಲು ಬಿಡುತ್ತಾರೆ. ನಮಗೆ ಆದ ನೋವು ನಿಜವಾದ ಸಾಲ, ಮೂರೂ ಚಿಲ್ಲರೆ ತಿಂಗಳ ಅನ್ನ. ಅದನ್ನು ಒಪ್ಪಿಕೊಂಡ ಮೇಲೆ ಆರು ಕೋಟಿಯ ಕಡೆ ಕಣ್ಣು ಹಾಯಿಸಿದಾಗ ಕೋಣೆ ತಾನಾಗಿ ಮೌನವಾಗುತ್ತದೆ. ಈ ಅರ್ಧ ಗಂಟೆಗಾಗಿಯೇ ಶಿಬಿರಕ್ಕೆ ಬರಬಹುದು.

ಆಮೇಲಿನದು ಮೂರು ಕಾಲಮಿನ ಹಾಳೆ. ಮೊದಲ ಕಾಲಮಿನಲ್ಲಿ ಅವರು ಮಾಡಿದ್ದು, ಕ್ಯಾಮರಾ ಇಟ್ಟಿದ್ದರೆ ಏನು ಕಾಣುತ್ತಿತ್ತೋ ಅಷ್ಟೇ. ಎರಡನೆಯದರಲ್ಲಿ ಅದರಿಂದ ನಾನು ಕಟ್ಟಿಕೊಂಡ ತೀರ್ಪು. ಮೂರನೆಯದರಲ್ಲಿ ನನಗಾದ ನಷ್ಟ. "ಗ್ಯಾಸ್ ಬುಕ್ ಮಾಡ್ತೀನಿ ಅಂದು ಮೂರು ದಿನ ಮರೆತರು" ಮೊದಲನೆಯದಕ್ಕೆ ಸೇರುತ್ತದೆ, "ಅವರಿಗೆ ಮನೆ ಅಂದರೆ ಲೆಕ್ಕಕ್ಕೇ ಇಲ್ಲ" ಎರಡನೆಯದಕ್ಕೆ. ಬಹುತೇಕ ಎಲ್ಲರೂ ಎಡವುವುದು ಇಲ್ಲೇ: ಮೊದಲ ಕಾಲಮು ತೀರ್ಪಿನಿಂದಲೇ ತುಂಬಿರುತ್ತದೆ. "ಯಾವಾಗಲೂ", "ಒಂದು ದಿನವಾದರೂ", "ಬೇಕಂತಲೇ" ಎಂಬ ಪದ ಕಂಡಲ್ಲೆಲ್ಲ ಗೆರೆ ಎಳೆದು ಮತ್ತೆ ಬರೆಸುತ್ತಾರೆ. ಎರಡನೇ ಸಲ ಬರೆದಾಗ ಮೂರನೇ ಕಾಲಮು ಉದ್ದವಾಗುವುದನ್ನು ಗಮನಿಸಿ. ಸಿಟ್ಟಿನ ಮಾತು ಕಡಿಮೆಯಾದಷ್ಟೂ ದುಃಖದ ಮಾತು ಹೊರಬರುತ್ತದೆ, ಅದಕ್ಕೆ ಇಲ್ಲಿ ಸಮಯವನ್ನೂ ಕೊಡುತ್ತಾರೆ.

ಬರೆದದ್ದನ್ನು ವಿಂಗಡಿಸುವ ಕೆಲಸ ಊಟದ ನಂತರ. ಸ್ವಭಾವ ಯಾವುದು, ಅಶಕ್ತಿ ಯಾವುದು, ತಿಳಿದೂ ಮಾಡಿದ ತಪ್ಪು ಯಾವುದು. ಅಶಕ್ತಿಯ ಭಾಗ ಅತ್ಯುತ್ತಮವಾಗಿದೆ, ಯಾಕೆಂದರೆ ಅದನ್ನು ನಡೆಸುವವರು ನರ್ಸ್ ಆಗಿ ದುಡಿದ ಸಿಸ್ಟರ್ (ಸನ್ಯಾಸಿನಿ). ವಯಸ್ಸಾದಾಗ ಕಿವಿಯಲ್ಲಿ ಮೊದಲು ಕುಂದುವುದು ತೀಕ್ಷ್ಣ ದನಿಯ ಗ್ರಹಿಕೆ. ಹಾಗಾಗಿ ಮಗನ ದಪ್ಪ ದನಿ ಕೇಳಿಸುವ ಅತ್ತೆಗೆ ಸೊಸೆಯ ಮಾತು, ಮೊಮ್ಮಕ್ಕಳ ಮಾತು ಕೇಳಿಸದೆ ಹೋಗಬಹುದು. ಮನೆಯಲ್ಲಿ ಅದಕ್ಕೆ "ಬೇಕಾದ್ದು ಮಾತ್ರ ಕೇಳಿಸುತ್ತೆ" ಎಂಬ ಹೆಸರು ಬಿದ್ದಿರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರ ಊಟ ತಡವಾದರೆ ಸಕ್ಕರೆ ಇಳಿದು ನಡುಕ, ಬೆವರು, ಸಿಡಿಮಿಡಿ ಬರುತ್ತವೆ. ಆ ಹೊತ್ತಿನಲ್ಲಿ ವಾದ ಬೇಡ, ಸಕ್ಕರೆ ಕಲಸಿದ ನೀರು ಕೊಡಿ. ಕಿವಿ ಪರೀಕ್ಷೆಗೆ ಇಲ್ಲಿನ ಜಿಲ್ಲಾಸ್ಪತ್ರೆಗೋ ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೋ ಹೋಗಿ ಎಂದು ನೇರವಾಗಿ ಹೇಳುತ್ತಾರೆ.

ಕುಡಿತದ ಬಗ್ಗೆ ಹೇಳುವ ಮಾತು ತೋಟದ ಸೀಮೆಯ ಪ್ರತಿ ಮನೆಗೂ ಮುಟ್ಟಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರಿಂದ ಪೀಠದ ಮುಂದೆ ಆಣೆ ಮಾಡಿಸಿ ಅವತ್ತೇ ನಿಲ್ಲಿಸಿಬಿಡುವುದು ಅಪಾಯ. ದೇಹ ಹೊಂದಿಕೊಳ್ಳಲಾರದೆ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಭ್ರಮೆ ಹಿಡಿದು ಪ್ರಾಣಕ್ಕೇ ಕುತ್ತಾಗಬಹುದು. ಮೊದಲು ವೈದ್ಯರು, ಔಷಧಿಯ ಆಸರೆಯಲ್ಲಿ ಬಿಡಿಸುವುದು, ಪ್ರಾರ್ಥನೆ ಅದರ ಜೊತೆಗೆ. ಮತ್ತೆ ಕುಡಿದರೆ ಆಣೆ ಮುರಿದ ದ್ರೋಹಿ ಎಂದು ಕರೆಯದೆ ಚಿಕಿತ್ಸೆಗೆ ಮತ್ತೆ ಕರೆದೊಯ್ಯಬೇಕು. ಏಳಲ್ಲ, ಏಳೆಪ್ಪತ್ತು ಸಲ ಕ್ಷಮಿಸು ಎಂದು ಯೇಸು ಪೇತ್ರನಿಗೆ ಕೊಟ್ಟ ಉತ್ತರಕ್ಕೆ ಇಷ್ಟು ಕೆಲಸದ ಅರ್ಥ ಬೇರೆಲ್ಲೂ ಸಿಗಲಾರದು.

ಸಂಜೆಯ ಅಭ್ಯಾಸ ಮತ್ತಾಯ 18:15ರ ಮೇಲೆ: ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗು. ಮೂವರ ಗುಂಪು ಮಾಡುತ್ತಾರೆ. ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಮೂರನೆಯವರು ಸುಮ್ಮನೆ ನೋಡುವವರು. "ಈಗ ಮಾತಾಡಬಹುದಾ?" ಎಂದು ಕೇಳಬೇಕು, ಒಂದೇ ವಿಷಯ ಎತ್ತಬೇಕು, ಮೊದಲ ಮತ್ತು ಮೂರನೇ ಕಾಲಮಿನಲ್ಲಿ ಇರುವುದನ್ನಷ್ಟೇ ಹೇಳಬೇಕು, ಬೇಕಾದ್ದನ್ನು ಕೋರಿಕೆಯಾಗಿ ಇಡಬೇಕು, ಆಮೇಲೆ ಬಾಯಿ ಮುಚ್ಚಿ ಕಾಯಬೇಕು. ಕೆಡುವುದು ಈ ಕಡೆಯ ಹೆಜ್ಜೆಯಲ್ಲಿ. ಉತ್ತರಕ್ಕೆ ಕಾಯಲಾರದೆ ಹಳೆಯ ಇನ್ನೊಂದು ತಪ್ಪನ್ನು ಎಳೆದು ತರುತ್ತಾರೆ, ಮಾತು ಮತ್ತೆ ಹಳೇ ಜಗಳವಾಗುತ್ತದೆ. ನೋಡುವವರು ಕೈ ಎತ್ತಿ ನಿಲ್ಲಿಸುವುದು ಅದಕ್ಕಾಗಿಯೇ.

ಭಾನುವಾರ ಲೂಕನ ಶುಭಸಂದೇಶದ ಅಂಜೂರದ ಮರದ ಸಾಮತಿ. ಮೂರು ವರ್ಷ ಹಣ್ಣು ಬಿಡದ ಮರವನ್ನು ಕಡಿ ಎಂದ ಯಜಮಾನನಿಗೆ ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ, ಬುಡದ ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಕಾಫಿ ಗಿಡ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯಿಸುವ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ತೋಟಗಾರನ ತಾಳ್ಮೆಗೆ ಗಡುವೂ ಇದೆ, ಅವನದೇ ಮೈಮುರಿ ದುಡಿಮೆಯೂ ಇದೆ. ಹಾಗಾಗಿ ಪ್ರತಿಯೊಬ್ಬರೂ ತಾವು ಹಾಕುವ ಗೊಬ್ಬರ ಏನು, ಎಷ್ಟು ತಿಂಗಳು ಎಂದು ಬರೆಯಬೇಕು. ಮೊದಲ ಸಲ ಹೆಚ್ಚಿನವರು ಎದುರಿನವರು ಏನು ಮಾಡಬೇಕು ಎಂದೇ ಬರೆಯುತ್ತಾರೆ, ಹಾಳೆ ವಾಪಸ್ ಬರುತ್ತದೆ. ಕೊನೆಗೆ ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ: ಮೂರು ಸಲ ತನ್ನನ್ನು ಅಲ್ಲಗಳೆದ ಪೇತ್ರನಿಗೆ ಯೇಸು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಕೊಟ್ಟು, ಉಣಿಸಿದ ಮೇಲೆಯೇ ಮೂರು ಪ್ರಶ್ನೆ ಕೇಳಿದ್ದು. ಕಷ್ಟದ ಮಾತಿಗೆ ಮುಂಚೆ ಊಟ. ಕೊಯ್ಲಿನ ದಿನಗಳಲ್ಲಿ ಸಂಜೆ ಆರಕ್ಕೆ ದಣಿದು ಬಂದವರ ಮುಂದೆ ಹಾಳೆ ಬಿಚ್ಚಬೇಡಿ ಎಂಬ ಎಚ್ಚರಿಕೆ ಇದರ ಜೊತೆಗೇ ಬರುತ್ತದೆ.

ಇನ್ನು ಕೊರತೆ. ದೊಡ್ಡದು ಒಂದಿದೆ, ಅದನ್ನು ಮೆತ್ತಗೆ ಹೇಳುವಂತಿಲ್ಲ. ಹೊಡೆತ, ಬೆದರಿಕೆ, ದುಡ್ಡು ಕಿತ್ತುಕೊಳ್ಳುವುದು ಯಾರ "ಕುಂದುಕೊರತೆ"ಯೂ ಅಲ್ಲ, ಸಹಿಸುವ ಪಟ್ಟಿಗೆ ಸೇರುವುದೂ ಇಲ್ಲ. ಶಿಬಿರ ಇದನ್ನು ಹೇಳುತ್ತದೆ, ಆದರೆ ಶನಿವಾರದ ಕೊನೆಯ ಹತ್ತು ನಿಮಿಷದಲ್ಲಿ, ಗಂಡಂದಿರೂ ಅತ್ತೆಯಂದಿರೂ ಪಕ್ಕದಲ್ಲೇ ಕೂತಿರುವಾಗ, ಅರ್ಧ ಜನ ಬಸ್ಸಿನ ಹೊತ್ತು ನೋಡುತ್ತಿರುವಾಗ. ಇದು ಮೊದಲ ಗಂಟೆಗೆ ಬರಬೇಕು, ಹೆಂಗಸರಿಗೆ ಪ್ರತ್ಯೇಕವಾಗಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಮೈಮೇಲಿನ ಹೊಡೆತವನ್ನಷ್ಟೇ ಹಿಂಸೆ ಎನ್ನುವುದಿಲ್ಲ, ಬೈಗುಳ, ಹಣಕಾಸಿನ ಹಿಂಸೆಯನ್ನೂ ಸೇರಿಸುತ್ತದೆ. ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ಕೊಡುತ್ತದೆ. ಸಹಾಯವಾಣಿ 181, ತುರ್ತಿಗೆ 112. ಈ ಎರಡು ಸಂಖ್ಯೆ ಹಾಳೆಯ ಮೇಲೆ ಅಚ್ಚಾಗಿರಬೇಕಿತ್ತು. ನಜರೇತಿನಲ್ಲಿ ಜನ ತನ್ನನ್ನು ಗುಡ್ಡದ ಅಂಚಿನಿಂದ ದಬ್ಬಲು ಬಂದಾಗ ಯೇಸು ಅವರ ನಡುವೆಯೇ ದಾಟಿ ಹೊರಟುಹೋದದ್ದು ಲೂಕನ 4ನೇ ಅಧ್ಯಾಯದಲ್ಲಿದೆ. ಹಿಂಸೆಯಿಂದ ಹೊರನಡೆಯುವುದು ತಪ್ಪಲ್ಲ ಎಂದು ತಿಳಿಸಲು ಅದನ್ನೂ ಇಲ್ಲಿ ಓದಬೇಕು.

ಉಳಿದವು ಸಣ್ಣವು. ಕೊಂಕಣಿಯವರು ಹೆಚ್ಚಿರುವುದರಿಂದ ಮಾತು ಆಗಾಗ ಕೊಂಕಣಿಗೆ ಹೊರಳುತ್ತದೆ, ಎಸ್ಟೇಟ್ ಲೈನಿನ (ಕೂಲಿಕಾರರ ಸಾಲುಮನೆಗಳ) ತಮಿಳು ಕುಟುಂಬಗಳು ಹಿಂದಿನ ಬೆಂಚಿನಲ್ಲಿ ಸುಮ್ಮನಾಗುತ್ತವೆ. ಜೆರಾಕ್ಸ್ ಹಾಳೆಯ ಅಕ್ಷರ ಹಿರಿಯರಿಗೆ ಕಾಣುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲ, ಆ ಹೊರೆ ತಾಯಂದಿರ ಮೇಲೆಯೇ ಬೀಳುತ್ತದೆ. ಮೂರು ತಿಂಗಳ ನಂತರ ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಗೊಬ್ಬರದ ಹಾಳೆಗೆ ಬೆಲೆ ಬರುತ್ತಿತ್ತು. ಊಟ ಸರಳ, ಚೆನ್ನಾಗಿದೆ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲಿನವರಿಗೆ ಬಿಡುವಾಗದು, ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ) ತಂಡಗಳು ಬೇಗ ಭರ್ತಿಯಾಗುತ್ತವೆ. ಮಳೆಗಾಲದ ತಂಡ ಒಳ್ಳೆಯದು, ಜನ ಕಡಿಮೆ, ಅಭ್ಯಾಸಕ್ಕೆ ಹೆಚ್ಚು ಸಮಯ. ಓದುವ ಕನ್ನಡಕ, ಸ್ವಂತ ನೋಟ್‌ಬುಕ್ ತನ್ನಿ. ಒಂದೇ ಮನೆಯವರು ಒಂದೇ ಗುಂಪಿಗೆ ಹೆಸರು ಕೊಡಬೇಡಿ, ಪಕ್ಕದಲ್ಲಿ ಕೂತವರು ಇಣುಕುವ ಅಳುಕಿದ್ದರೆ ಮೂರನೇ ಕಾಲಮಿನಲ್ಲಿ ನಿಜ ಬರೆಯಲು ಕೈ ಬರುವುದಿಲ್ಲ.