ದಿನಾಂಕದಿಂದ ಹೊಸ ಎಪಿಸೋಡ್ ಹುಡುಕಲು ಎಎಂಆರ್ ಪ್ಯಾಕೇಜ್: ಬಳಸಿದ ಮೇಲಿನ ಅಭಿಪ್ರಾಯ

ಒಬ್ಬನೇ ರೋಗಿ, ಹತ್ತಾರು ದಿನಾಂಕ. ಇದರಲ್ಲಿ ಯಾವುದು ಹಳೇ ಕಾಯಿಲೆಯ ಮುಂದುವರಿಕೆ, ಯಾವುದು ಹೊಸದಾಗಿ ಶುರುವಾದದ್ದು? ಆರೋಗ್ಯ ಡೇಟಾ ಹಿಡಿದು ಕೂತವರಿಗೆಲ್ಲ ಎದುರಾಗುವ ಪ್ರಶ್ನೆ ಇದು. ಅಂಕಿಅಂಶ ವಿಶ್ಲೇಷಣೆಗೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯ ಎಎಂಆರ್ ಪ್ಯಾಕೇಜ್‌ನಲ್ಲಿ (ಸಿದ್ಧ ಫಂಕ್ಷನ್‌ಗಳ ಕಟ್ಟು) ಇದಕ್ಕೇ ಅಂತ ಎರಡು ಫಂಕ್ಷನ್ ಇವೆ. ಗೆಟ್ ಎಪಿಸೋಡ್ ಪ್ರತಿ ಸಾಲಿಗೂ ಎಪಿಸೋಡ್, ಅಂದರೆ ಕಾಯಿಲೆಯ ಒಂದು ಸುತ್ತಿನ, ನಂಬರ್ ಕೊಡುತ್ತದೆ. ಈಸ್ ನ್ಯೂ ಎಪಿಸೋಡ್ ಆ ಸಾಲು ಹೊಸ ಎಪಿಸೋಡಿನ ಶುರುವೋ ಅಲ್ಲವೋ ಅಂತ ಮಾತ್ರ ಹೇಳುತ್ತದೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಆಂಟಿಬಯಾಟಿಕ್ ಪ್ರತಿರೋಧದ ಡೇಟಾಗಾಗಿ ಬೆಳೆದ ಪ್ಯಾಕೇಜ್ ಇದು. 2022ರಲ್ಲಿ ಜರ್ನಲ್ ಆಫ್ ಸ್ಟಾಟಿಸ್ಟಿಕಲ್ ಸಾಫ್ಟ್‌ವೇರ್‌ನಲ್ಲಿ ಇದರ ಮೇಲೆ ಲೇಖನ ಬಂತು. ಆದರೆ ಈ ಎರಡು ಫಂಕ್ಷನ್‌ಗೆ ಬ್ಯಾಕ್ಟೀರಿಯಾ ಹೆಸರೇನೂ ಬೇಕಿಲ್ಲ, ದಿನಾಂಕದ ಕಾಲಂ ಇದ್ದರೆ ಸಾಕು. ಉಚಿತ ಕೂಡ.

ನನಗೆ ಇದು ಇಷ್ಟವಾಗಲು ಮುಖ್ಯ ಕಾರಣ, ನಾವು ಯಾವ ನಿಯಮದಲ್ಲಿ ಎಣಿಸುತ್ತಿದ್ದೇವೆ ಅನ್ನುವುದನ್ನು ಇದು ನಮ್ಮ ಕೈಯಲ್ಲೇ ಬರೆಸುತ್ತದೆ. 30 ದಿನ ಕಳೆದ ಮೇಲೆ ಬಂದದ್ದು ಹೊಸ ಎಪಿಸೋಡ್ ಅನ್ನುವ '30 ದಿನದ ನಿಯಮ' ಅಂತ ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಆ 30 ದಿನ ಎಲ್ಲಿಂದ? ಎಪಿಸೋಡ್ ಶುರುವಾದ ದಿನದಿಂದಲೋ, ಹಿಂದಿನ ದಾಖಲೆಯ ದಿನದಿಂದಲೋ? ಜನವರಿ 1, ಜನವರಿ 20, ಫೆಬ್ರವರಿ 10, ಮಾರ್ಚ್ 1 ಅಂತ ನಾಲ್ಕು ದಿನಾಂಕ ಇಟ್ಟುಕೊಳ್ಳಿ. ಶುರುವಿನಿಂದ ಎಣಿಸಿದರೆ ಫೆಬ್ರವರಿ 10ಕ್ಕೆ 40 ದಿನ ಆಗಿರುತ್ತದೆ, ಅಲ್ಲಿಂದ ಹೊಸ ಎಪಿಸೋಡ್, ಒಟ್ಟು ಎರಡು. ಹಿಂದಿನ ದಾಖಲೆಯಿಂದ ಎಣಿಸಿದರೆ ಯಾವ ಅಂತರವೂ 30 ದಿನ ಮುಟ್ಟುವುದಿಲ್ಲ, ಎಲ್ಲ ಸೇರಿ ಒಂದೇ. ಅದೇ ರೋಗಿ, ಅದೇ ಡೇಟಾ, ಲೆಕ್ಕ ಮಾತ್ರ ಬೇರೆ. ಇಲ್ಲಿ ಮೊದಲನೆಯದಕ್ಕೆ ಎಪಿಸೋಡ್ ಡೇಸ್, ಎರಡನೆಯದಕ್ಕೆ ಕೇಸ್ ಫ್ರೀ ಡೇಸ್ ಅಂತ ಬೇರೆ ಬೇರೆ ಆಯ್ಕೆ ಇವೆ. (ಎರಡನೆಯದು ಆಮೇಲೆ ಸೇರಿದ್ದು, ಹಳೇ ಆವೃತ್ತಿ ಇದ್ದರೆ ಅಪ್‌ಡೇಟ್ ಮಾಡಿಕೊಳ್ಳಿ.)

ಇದನ್ನು ಲ್ಯಾಗ್ (ಹಿಂದಿನ ಸಾಲಿನ ಮೌಲ್ಯ ತರುವ ಫಂಕ್ಷನ್) ಹಾಕಿ ನಾನೇ ಬರೆದುಕೊಳ್ಳುತ್ತೇನೆ ಅನ್ನುವವರಿಗೆ ಒಂದು ಮಾತು. ಹಿಂದಿನ ಸಾಲಿನ ದಿನಾಂಕ ಕಳೆದು, ಅಂತರ ದೊಡ್ಡದಿದ್ದಲ್ಲಿ 1 ಇಟ್ಟು ಕೂಡುತ್ತಾ ಹೋಗುವ ವಿಧಾನ ಎರಡನೇ ನಿಯಮಕ್ಕೆ ಚೆನ್ನಾಗಿಯೇ ನಡೆಯುತ್ತದೆ. ಮೊದಲನೇ ನಿಯಮಕ್ಕೆ ನಡೆಯುವುದಿಲ್ಲ, ಯಾಕೆಂದರೆ ಈಗಿನ ಎಪಿಸೋಡ್ ಎಲ್ಲಿ ಶುರುವಾಯಿತು ಅನ್ನುವುದನ್ನು ಸಾಲಿನಿಂದ ಸಾಲಿಗೆ ನೆನಪಿಟ್ಟುಕೊಂಡು ಹೋಗಬೇಕು, ಹೊಸದು ಶುರುವಾದಾಗ ಆ ನೆನಪನ್ನೂ ಬದಲಿಸಬೇಕು. ಸ್ಯಾಸ್ ಅನ್ನುವ ಇನ್ನೊಂದು ಅಂಕಿಅಂಶ ಸಾಫ್ಟ್‌ವೇರ್ ಬಳಸುವವರು ರಿಟೇನ್ (ಮೌಲ್ಯವನ್ನು ಮುಂದಿನ ಸಾಲಿಗೂ ಉಳಿಸಿಕೊಳ್ಳುವ ಆದೇಶ) ಹಾಕಿ ಇದನ್ನು ಮಾಡುತ್ತಾರೆ. ಆರ್‌ನಲ್ಲಿ ಲೂಪ್ ಬರೆಯಬೇಕಾಗುತ್ತದೆ, ಆ ತಲೆನೋವು ಇಲ್ಲಿ ತಪ್ಪುತ್ತದೆ. ದಿನಾಂಕಗಳು ಹಿಂದೆ ಮುಂದೆ ಇದ್ದರೂ ಫಂಕ್ಷನ್ ಒಳಗೇ ಸರಿಯಾಗಿ ಜೋಡಿಸಿಕೊಳ್ಳುತ್ತದೆ.

ಇನ್ನು ಕೊರತೆಗಳು. ರೋಗಿಯ ಐಡಿ ಪ್ರಕಾರ ಗ್ರೂಪ್ ಮಾಡದೆ ಓಡಿಸಿದರೆ ಎಲ್ಲ ರೋಗಿಗಳ ದಿನಾಂಕವನ್ನೂ ಒಬ್ಬನದೇ ಅಂತ ನೋಡಿ ಉತ್ತರ ಕೊಟ್ಟುಬಿಡುತ್ತದೆ. ಫಂಕ್ಷನ್‌ಗೆ ಸಿಗುವುದು ಬರೀ ದಿನಾಂಕ ತಾನೇ, ಅದಕ್ಕೆ ಗೊತ್ತಾಗುವುದಾದರೂ ಹೇಗೆ. ಲಕ್ಷಗಟ್ಟಲೆ ರೋಗಿಗಳಿದ್ದರೆ ನಿಧಾನ ಅನಿಸುತ್ತದೆ, ಅಂತರದ ನಿಯಮವಷ್ಟೇ ಸಾಕಾದರೆ ಆರ್‌ನದೇ ಇನ್ನೊಂದು ಪ್ಯಾಕೇಜ್ ಡೇಟಾ ಟೇಬಲ್‌ನ ಶಿಫ್ಟ್ (ಲ್ಯಾಗ್‌ನಂಥದ್ದೇ ಫಂಕ್ಷನ್) ಜಾಸ್ತಿ ವೇಗ. ಸರಿಯಾಗಿ 30ನೇ ದಿನವೇ ಬಂದ ದಾಖಲೆ ಹೊಸದರಲ್ಲಿ ಸೇರಬೇಕಾ, ಹಳೆಯದರಲ್ಲಾ ಅನ್ನುವುದನ್ನು ನಿಮ್ಮ ಅಧ್ಯಯನದ ಪ್ರೋಟೋಕಾಲ್ ಜೊತೆ ಹೋಲಿಸಿ, ನಾಲ್ಕೈದು ಸಾಲಿನ ಟೇಬಲ್ ಮಾಡಿ ನೋಡಲೇಬೇಕು.

ಹೌದು ಅಲ್ಲ ಅನ್ನುವ ಎರಡೇ ಉತ್ತರ ಸಾಲದ ಕಡೆಯೂ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಎನ್‌ಎಚ್‌ಎಸ್‌ಎನ್ ಅನ್ನುವ ಆಸ್ಪತ್ರೆ ಸೋಂಕು ನಿಗಾ ವ್ಯವಸ್ಥೆಯಲ್ಲಿ ಸಿ ಡಿಫಿಸಿಲ್ (ಭೇದಿ ತರುವ ಕರುಳಿನ ಬ್ಯಾಕ್ಟೀರಿಯಾ) ಪಾಸಿಟಿವ್ ಬಂದರೆ, ಹಿಂದಿನ ಪಾಸಿಟಿವ್‌ನಿಂದ 56 ದಿನ ದಾಟಿದ್ದರೆ ಅದು ಹೊಸ ಕೇಸ್, 14 ದಿನ ದಾಟಿ 56ರ ಒಳಗಿದ್ದರೆ ಮರುಕಳಿಸಿದ್ದು, 14ರ ಒಳಗಿದ್ದರೆ ಡೂಪ್ಲಿಕೇಟ್. ಇಂಥ ಮೂರು ಬಗೆಯ ವಿಂಗಡಣೆಗೆ ಅಂತರವನ್ನು ನೀವೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಡೇಟಾದ ಮೊದಲ ಸಾಲಿನ ಬಗ್ಗೆ. ಪ್ರತಿ ರೋಗಿಯ ಮೊದಲ ದಿನಾಂಕಕ್ಕೂ ಈ ಫಂಕ್ಷನ್ 'ಹೊಸದು' ಅನ್ನುತ್ತದೆ. ಆತ ನಿಮ್ಮ ಡೇಟಾ ಶುರುವಾಗುವ ಹಿಂದಿನ ವಾರವೇ ಅದೇ ಕಾಯಿಲೆಗೆ ಬಂದಿದ್ದಿರಬಹುದು, ಅದು ಇದಕ್ಕೆ ಕಾಣುವುದಿಲ್ಲ. ಹಾಗಾಗಿ ಅಧ್ಯಯನದ ಅವಧಿಗೂ ಹಿಂದಿನ ಸ್ವಲ್ಪ ಕಾಲದ ಡೇಟಾ ತೆಗೆದುಕೊಳ್ಳಿ. ಎಪಿಸೋಡ್ ಗುರುತಿಸುವುದು ಮೊದಲು, ಬೇಕಾದ ಅವಧಿಗೆ ಫಿಲ್ಟರ್ ಮಾಡುವುದು ಆಮೇಲೆ. ಈ ಕ್ರಮ ಉಲ್ಟಾ ಆದರೆ ಮೊದಲ ತಿಂಗಳಲ್ಲಿ ಹೊಸ ರೋಗಿಗಳು ಸುಮ್ನೆ ಉಕ್ಕಿ ಬಂದಂತೆ ಗ್ರಾಫ್ ಏರುತ್ತದೆ, ಅದನ್ನು ನೋಡಿ ಯಾರಾದರೂ ನಿರ್ಧಾರವನ್ನೂ ತೆಗೆದುಕೊಳ್ಳಬಹುದು, ಅಲ್ವಾ?

ಲ್ಯಾಬ್ ವರದಿ, ಹೊರರೋಗಿ ಭೇಟಿ, ಔಷಧಿ ಪಡೆದ ದಿನ, ಹೀಗೆ ಒಂದೊಂದೇ ದಿನಾಂಕ ಇರುವ ಡೇಟಾಗೆ ಇದನ್ನು ಧೈರ್ಯವಾಗಿ ಬಳಸಿ. ಒಳರೋಗಿ ದಾಖಲಾತಿಗೆ ಮಾತ್ರ ಬೇಡ. ಅಲ್ಲಿ ದಾಖಲಾದ ದಿನ, ಬಿಡುಗಡೆಯಾದ ದಿನ ಎರಡೂ ಇರುತ್ತವೆ, ಅಂತರ ಹಿಡಿಯಬೇಕಾದದ್ದು ಬಿಡುಗಡೆಯಿಂದ ಮುಂದಿನ ದಾಖಲಾತಿಗೆ. ಅದೂ ಹಿಂದಿನ ಸಾಲಿನ ಬಿಡುಗಡೆಯಿಂದಲ್ಲ, ಅಲ್ಲಿಯವರೆಗಿನ ಅತಿ ತಡವಾದ ಬಿಡುಗಡೆಯಿಂದ. ಯಾಕೆಂದರೆ ಒಂದು ದೀರ್ಘ ದಾಖಲಾತಿಯ ಒಳಗೇ ಇನ್ನೊಂದು ಚಿಕ್ಕ ದಾಖಲಾತಿ ಇರಬಹುದು. ದಾಖಲಾದ ದಿನದ ಪ್ರಕಾರ ಜೋಡಿಸಿ, ಬಿಡುಗಡೆ ಕಾಲಂ ಮೇಲೆ ಕಮ್‌ಮ್ಯಾಕ್ಸ್ (ಅಲ್ಲಿಯವರೆಗಿನ ಅತಿ ದೊಡ್ಡ ಮೌಲ್ಯ ಕೊಡುವ ಫಂಕ್ಷನ್) ಓಡಿಸಿ, ಅದನ್ನು ಒಂದು ಸಾಲು ಕೆಳಗೆ ಸರಿಸಿ ಹೋಲಿಸಿದರೆ ಈ ಕೆಲಸ ಮುಗಿಯುತ್ತದೆ.