ಅಯ್ಯನವರ ಮನೆಗೆ ಕೊಟ್ಟ ಗ್ರೈಂಡರ್: ಒಂದು ವರ್ಷದ ಬಳಕೆಯ ಬಳಿಕ

ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಸಂಘವು ಸುಗ್ಗಿ ಹಬ್ಬದಲ್ಲಿ ತಿಂಡಿ ಮಾರಿ ಉಳಿಸಿದ ಹಣಕ್ಕೆ ಕೈಯಿಂದ ಇನ್ನಷ್ಟು ಸೇರಿಸಿ, ಕಾಸರಗೋಡು ಪೇಟೆಯ ಅಂಗಡಿಯೊಂದರಿಂದ ಕೊಯಮತ್ತೂರಿನಲ್ಲಿ ತಯಾರಾದ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರನ್ನು 5,200 ರೂಪಾಯಿಗೆ ಕೊಂಡು ನಾವು ಅಯ್ಯನವರು ಎಂದು ಕರೆಯುವ ಸಭಾಪಾಲಕರ ಮನೆಗೆ ಕೊಟ್ಟಿತು. ಆರಿಸಲು ಹೋದವರಲ್ಲಿ ನಾನೂ ಇದ್ದೆ. ವರ್ಷದಿಂದ ಅದರಲ್ಲಿ ಅರೆದ ಹಿಟ್ಟಿನ ದೋಸೆಯನ್ನು ತಿಂದವಳೂ ಹೌದು.

ಗ್ರೈಂಡರೇ ಯಾಕೆ ಎಂದು ಕೇಳಿದವರಿದ್ದಾರೆ. ಏನು ಬೇಕೆಂದು ನಾವು ಎರಡು ಸಲ ವಿಚಾರಿಸಿದಾಗಲೂ ಅಮ್ಮನವರು, ಅಂದರೆ ಅಯ್ಯನವರ ಹೆಂಡತಿ, ಏನೂ ಬೇಡವೆಂದೇ ಹೇಳಿದ್ದರು. ಆದರೆ ಮದುವೆಯ ಮಾತಿಗೆ, ಸಾವಿನ ಸುದ್ದಿಗೆ, ಮಕ್ಕಳ ಸರ್ಟಿಫಿಕೇಟಿಗೆಂದು ಬಂದವರಿಗೆಲ್ಲ ಅವರ ಮನೆಯಲ್ಲಿ ತಿಂಡಿ ಆಗಲೇಬೇಕು. ಒಂದು ಶನಿವಾರ ಸಂಜೆ ಹೋದಾಗ, ಅವರು ಬಿಸಿಯೇರಿದ ಮಿಕ್ಸಿಯನ್ನು ನಿಲ್ಲಿಸಿ, ಜಾರನ್ನು ತಣ್ಣೀರಿನ ಬೇಸಿನ್ನಿನಲ್ಲಿ ಇಟ್ಟು ಕಾಯುತ್ತಿದ್ದರು. ಹಿಟ್ಟಿಗೆ ಬೆರಳಿಟ್ಟರೆ ಬೆಚ್ಚಗಿತ್ತು. ಬೈಬಲಿನಲ್ಲಿ, ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂಬ ಮೋಶೆಯ ವಿಧಿಯನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಸುವಾರ್ತೆ ಸಾರುವವರಿಗೆ ಅನ್ವಯಿಸಿ, ಅವರ ಜೀವನ ಅದರಿಂದಲೇ ನಡೆಯಬೇಕು ಎಂದಿದ್ದಾನೆ. ಆದರೆ ಆ ಭಾಗವನ್ನು ಪೀಠದಲ್ಲಿ ನಿಂತು ಓದಬೇಕಾದವರು ಅಯ್ಯನವರೇ ಆದ್ದರಿಂದ, ಅವರು ಅದನ್ನು ವಿವರಿಸದೆ ಬೇಗ ದಾಟಿಬಿಡುತ್ತಾರೆ.

ಇನ್ನು ಯಂತ್ರದ ವಿಷಯ. ಉದ್ದು ನುಣ್ಣಗಾಗಿ, ಬೆಣ್ಣೆಯಂತೆ ಉಬ್ಬಿ ಬರುತ್ತದೆ. ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಬೆಳಿಗ್ಗೆಗೆ ಹದವಾಗಿ ಹುಳಿ ಬಂದಿರುತ್ತದೆ. ಮೋಟರು 150 ವಾಟಿನದ್ದು, ಅಂದರೆ ನಲ್ವತ್ತು ನಿಮಿಷ ಓಡಿದರೂ ಯೂನಿಟ್ಟಿನ ಹತ್ತನೆಯ ಒಂದು ಪಾಲು ಕರೆಂಟು. ಕರೆಂಟು ಬಿಲ್ಲನ್ನು ಅಯ್ಯನವರೇ ಕಟ್ಟುವುದರಿಂದ ಈ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಿದ್ದೆವು. ಕೋಳಿ ಸಾರಿನ ಮಸಾಲೆಯೂ ಚೆನ್ನಾಗಿ ಅರೆಯುತ್ತದೆ, ಆದರೆ ಆಮೇಲೆ ಕಲ್ಲನ್ನು ಎರಡೆರಡು ಸಲ ತೊಳೆಯದಿದ್ದರೆ ಮರುದಿನದ ಇಡ್ಲಿಗೆ ಬೆಳ್ಳುಳ್ಳಿಯ ವಾಸನೆ ಖಂಡಿತ.

ಕುಚ್ಚಲಕ್ಕಿ ಒರೊಟ್ಟಿಗೆ ಬೇಕಾದಷ್ಟು ಗಟ್ಟಿ ಹಿಟ್ಟಿಗೆ ಮಾತ್ರ ಇದು ಸೋಲುತ್ತದೆ. ಕಲ್ಲು ನಿಂತು, ಬೆಲ್ಟು ಜಾರಿ, ರಬ್ಬರು ಸುಟ್ಟ ವಾಸನೆ ಬರುತ್ತದೆ. ಅಕ್ಕಿಯನ್ನು ಹಿಡಿ ಹಿಡಿಯಾಗಿ ಹಾಕುತ್ತ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಜೊತೆಗೆ ಬಂದ ಕಾಯಿ ತುರಿಯುವ ಸಾಧನವು ಹೆಸರಿಗೆ ಮಾತ್ರ, ಅಮ್ಮನವರು ಹಳೆಯ ಹೆರೆಮಣೆಯನ್ನು ಬಿಟ್ಟಿಲ್ಲ. ಕ್ರಿಸ್ಮಸ್ಸಿನ ಹೊತ್ತಿಗೆ ಇಪ್ಪತ್ತು ಜನರಿಗೆ ಮೂಡೆ ಮಾಡಬೇಕಾದಾಗ ಎರಡು ಲೀಟರು ಸಾಲದೆ ಮೂರು ಸುತ್ತು ಅರೆಯಬೇಕಾಯಿತು. ಆದರೂ ದೊಡ್ಡದನ್ನು ಕೊಳ್ಳದಿದ್ದುದು ಸರಿಯೆಂದೇ ನನ್ನ ಅಭಿಪ್ರಾಯ. ನೆಲದ ಮೇಲೆ ಕೂರಿಸುವ ಗ್ರೈಂಡರನ್ನು ಅಯ್ಯನವರಿಗೆ ವರ್ಗಾವಣೆಯಾದ ದಿನ ಲಾರಿಗೆ ಏರಿಸುವವರು ಯಾರು?

ಅಂಗಡಿಯವರ ಬಗ್ಗೆ ಒಂದು ತಕರಾರಿದೆ. ಸಭೆಗೆಂದು ಹೇಳಿದ ಕೂಡಲೇ ಬಿಲ್ಲನ್ನು ಸಭೆಯ ಹೆಸರಿನಲ್ಲಿ ಬರೆದುಬಿಟ್ಟರು, ಅದನ್ನು ಅಮ್ಮನವರ ಹೆಸರಿಗೆ ಬದಲಾಯಿಸಲು ಮೂರು ಸಲ ಅಲೆದೆವು. ಇದು ಸಣ್ಣ ವಿಷಯವಲ್ಲ. ಆ ಮನೆಯ ಕಪಾಟು, ಮಂಚ, ಊಟದ ಮೇಜು, ಎಲ್ಲದರ ಬೆನ್ನಿಗೂ ಬಿಳಿ ಪೇಂಟಿನಲ್ಲಿ ಸಭೆಯ ಹೆಸರಿದೆ; ಬಿಲ್ಲು ಸಭೆಯದ್ದಾಗಿದ್ದರೆ ಗ್ರೈಂಡರೂ ಸೊತ್ತಿನ ಪಟ್ಟಿಗೆ ಸೇರಿ ಅಲ್ಲೇ ಉಳಿಯುತ್ತಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಂದಿನಿಂದ ನಾವು ಕೇರಳದವರಾದರೂ ನಮ್ಮ ಅಯ್ಯನವರು ಬರುವುದು, ಹೋಗುವುದು ಮಂಗಳೂರಿನ ಕಡೆಗೆ. ಮುಂದಿನ ವರ್ಗಾವಣೆ ಮಡಿಕೇರಿಗೋ ಮೈಸೂರಿಗೋ ಆದರೂ ರಿಪೇರಿಗೆ ಜನ ಸಿಗಲಿ ಎಂದೇ, ಗಡಿಯ ಎರಡೂ ಕಡೆ ಸರ್ವಿಸ್ ಸೆಂಟರ್ ಇರುವ ಕಂಪೆನಿಯದ್ದನ್ನು ಆರಿಸಿದ್ದೆವು.

ಮೊನ್ನೆ ಬೆಲ್ಟು ಬದಲಾಯಿಸಲು ಹೋಗಿದ್ದಾಗ ಅಟ್ಟದ ಕಡೆ ಕಣ್ಣು ಹೋಯಿತು. ಗ್ರೈಂಡರು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಅಮ್ಮನವರು ಥರ್ಮೋಕೋಲಿನ ಸಮೇತ ಹಗ್ಗ ಕಟ್ಟಿ ಎತ್ತಿಟ್ಟಿದ್ದಾರೆ.