ಐದು ಚಳಿಗಾಲ ಬಳಸಿದ ಎರಡು ಜಾಕೆಟ್‌ಗಳು: ಸಾಫ್ಟ್‌ಶೆಲ್ ಯಾವಾಗ, ಹಾರ್ಡ್‌ಶೆಲ್ ಯಾವಾಗ

ಹಿಮಾಲಯದ ಚಳಿಗಾಲದ ಚಾರಣಕ್ಕೆ ಹೊರಟ ಗೆಳೆಯರೆಲ್ಲ ನನ್ನಲ್ಲಿ ಮೊದಲು ವಿಚಾರಿಸುವುದು ಯಾವ ಜಾಕೆಟ್ ಹೆಚ್ಚು ಬೆಚ್ಚಗಿರುತ್ತದೆ ಎಂಬುದನ್ನು. ಮೈಯನ್ನು ಬೆಚ್ಚಗಿಡುವ ಹೊಣೆ ಒಳಗಿನ ಉಣ್ಣೆ, ಫ್ಲೀಸ್ ಮತ್ತು ಡೌನ್ (ಹಕ್ಕಿಯ ಮೃದು ಪುಕ್ಕ) ಪದರಗಳದ್ದು. ಹೊರಗಿನ ಜಾಕೆಟ್ ಗಾಳಿ ಮತ್ತು ನೀರನ್ನು ಎಷ್ಟು ತಡೆಯುತ್ತದೆ, ನಮ್ಮ ಬೆವರನ್ನು ಎಷ್ಟು ಹೊರಗೆ ಬಿಡುತ್ತದೆ ಎಂಬುದನ್ನು ನೋಡಿಯೇ ಅದನ್ನು ಆರಿಸಬೇಕು. ಐದು ಚಳಿಗಾಲಗಳಲ್ಲಿ ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್‌ಗಳನ್ನು ನಡೆದು, ಔಲಿಯಲ್ಲಿ ಸ್ಕೀಯಿಂಗ್ ಕಲಿತ ನಂತರ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ನನ್ನ ಹಾರ್ಡ್‌ಶೆಲ್, ಅಂದರೆ ನೀರನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ಪೊರೆಯುಳ್ಳ ಜಾಕೆಟ್, ಮೂರು ಪದರದ್ದು, ತೂಕ 430 ಗ್ರಾಂ, ಜಲನಿರೋಧಕತೆ 20,000 ಮಿಲಿಮೀಟರ್. ಅಂದರೆ ಪರೀಕ್ಷೆಯಲ್ಲಿ ಬಟ್ಟೆಯ ಮೇಲೆ 20 ಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ ಬೀಳುವವರೆಗೂ ನೀರು ಒಳಗಿಳಿಯುವುದಿಲ್ಲ. ಸಾಫ್ಟ್‌ಶೆಲ್ ಒತ್ತಾಗಿ ನೇಯ್ದ, ಎಳೆದರೆ ಹಿಗ್ಗುವ ನೈಲಾನ್ ಬಟ್ಟೆಯದು, ಒಳಗೆ ಯಾವ ಪೊರೆಯೂ ಇಲ್ಲ.

ಮೊದಲ ವರ್ಷ ಕೇದಾರಕಂಠಕ್ಕೆ ಹಾರ್ಡ್‌ಶೆಲ್ ಒಂದನ್ನೇ ಒಯ್ದಿದ್ದೆ. ಸುಮಾರು 3,800 ಮೀಟರ್ ಎತ್ತರದ ಆ ಶಿಖರಕ್ಕೆ ನಸುಕಿನಲ್ಲೇ ಹೊರಡುತ್ತಾರೆ. ಚಳಿಗೆ ಹೆದರಿ ಜಾಕೆಟ್ಟಿನ ಜಿಪ್ಪನ್ನು ಗಂಟಲಿನವರೆಗೆ ಎಳೆದುಕೊಂಡು ಏರತೊಡಗಿದೆ. ಕೊನೆಯ ಕಡಿದಾದ ಏರಿನಲ್ಲಿ ಜಿಪ್ ಬಿಚ್ಚಿದಾಗ ಹೆಡ್‌ಲ್ಯಾಂಪಿನ ಬೆಳಕಿಗೆ ಜಾಕೆಟ್ಟಿನ ಒಳಮೈಯ ತುಂಬ ಪುಡಿ ಉಪ್ಪು ಚೆಲ್ಲಿದಂತೆ ಬೆಳ್ಳಗಿನ ಪದರ ಕಾಣಿಸಿತು. ಅದು ನನ್ನದೇ ಬೆವರು. ಪೊರೆಯ ಮೂಲಕ ಹೊರಹೋಗಬೇಕಿದ್ದ ಆವಿ, ತಣ್ಣಗಿದ್ದ ಬಟ್ಟೆಗೆ ತಾಗಿ ಅಲ್ಲೇ ಹೆಪ್ಪುಗಟ್ಟಿತ್ತು. ಶಿಖರದಲ್ಲಿ ಹತ್ತು ನಿಮಿಷ ನಿಂತದ್ದೇ ತಡ, ಒದ್ದೆಯಾದ ಒಳ ಅಂಗಿ ಬೆನ್ನಿಗಂಟಿಕೊಂಡು ಹಲ್ಲು ಕಟಕಟಿಸತೊಡಗಿತು. ಹೊರಗಿನಿಂದ ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ.

ಮರುವರ್ಷ ಸಾಫ್ಟ್‌ಶೆಲ್ ಧರಿಸಿ ಬ್ರಹ್ಮತಾಲ್ ಏರಿದಾಗ ವ್ಯತ್ಯಾಸ ಮೊದಲ ಗಂಟೆಯಲ್ಲೇ ತಿಳಿಯಿತು. ಆವಿ ಬಟ್ಟೆಯ ಎಳೆಗಳ ನಡುವಿನಿಂದಲೇ ಹೊರಟುಹೋಗುತ್ತಿತ್ತು. ಒಣ ಹಿಮವನ್ನು ಕೈಯಲ್ಲಿ ಕೊಡವಿದರೆ ಸಾಕಾಗುತ್ತಿತ್ತು. ತೋಳೆತ್ತಿ ಕೋಲು ಊರುವಾಗ ಹಾರ್ಡ್‌ಶೆಲ್ಲಿನ ಪರಪರ ಸದ್ದಾಗಲಿ ಬಿಗಿತವಾಗಲಿ ಇರಲಿಲ್ಲ. ಆದರೆ ಇದರ ಮಿತಿಯನ್ನೂ ಹೇಳಲೇಬೇಕು. ಅದೇ ಚಾರಣದಿಂದ ಇಳಿಯುವಾಗ, ಕೆಳಗಿನ ಕಾಡಿನಲ್ಲಿ ಹಿಮ ನೀರುಗೂಡಿ ಬೀಳತೊಡಗಿದ ಮುಕ್ಕಾಲು ಗಂಟೆಯೊಳಗೆ ಭುಜಗಳೆರಡೂ ತೊಯ್ದುಹೋದವು. ಬ್ಯಾಗಿನ ಪಟ್ಟಿ ಒತ್ತುವ ಜಾಗದಲ್ಲಿ ನೀರು ಮೊದಲು ಒಳಗಿಳಿಯುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನ ಹಸಿ ಹಿಮ, ಮೈನಸ್ 10 ಡಿಗ್ರಿಯ ಒಣ ಹಿಮಕ್ಕಿಂತ ಸಾಫ್ಟ್‌ಶೆಲ್ಲಿಗೆ ಎಷ್ಟೋ ಪಾಲು ದೊಡ್ಡ ಶತ್ರು.

ಔಲಿಯಲ್ಲಿ ಲೆಕ್ಕಾಚಾರ ಬೇರೆ. ಸ್ಕೀಯಿಂಗ್ ಕಲಿಯುವವರು ನಡೆಯುವುದಕ್ಕಿಂತ ಹೆಚ್ಚಾಗಿ ಬೀಳುತ್ತಾರೆ, ಹಿಮದ ಮೇಲೆ ಕೂರುತ್ತಾರೆ, ಚೇರ್‌ಲಿಫ್ಟಿನಲ್ಲಿ ಗಾಳಿಗೆ ಮೈಯೊಡ್ಡಿ ಸುಮ್ಮನಿರುತ್ತಾರೆ. ಅಲ್ಲಿ ದಿನವಿಡೀ ಹಾರ್ಡ್‌ಶೆಲ್ಲನ್ನೇ ತೊಟ್ಟಿದ್ದೆ, ಕಂಕುಳ ಜಿಪ್‌ಗಳನ್ನು ತೆರೆದಿಟ್ಟಿದ್ದರಿಂದ ಬೆವರಿನ ತೊಂದರೆಯೂ ಆಗಲಿಲ್ಲ. ಕಂಕುಳ ಜಿಪ್ ಇಲ್ಲದ ಹಾರ್ಡ್‌ಶೆಲ್ಲನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ನಾನು ಕೊಳ್ಳುವುದಿಲ್ಲ.

ಕೊಂಡ ಮೇಲಿನ ಆರೈಕೆಯ ಬಗ್ಗೆ ಮಾರುವವರು ಏನೂ ಹೇಳುವುದಿಲ್ಲವೆಂಬುದು ನನ್ನ ನಿಜವಾದ ಬೇಸರ. ಎರಡೂ ಬಗೆಯ ಜಾಕೆಟ್‌ಗಳ ಹೊರಮೈಗೆ ನೀರನ್ನು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿಸುವ ಲೇಪನವಿರುತ್ತದೆ. ಅದು ಸವೆದರೆ ಹೊರಬಟ್ಟೆ ನೀರು ಕುಡಿಯುತ್ತದೆ. ಪೊರೆ ಗಟ್ಟಿಯಾಗಿದ್ದರೂ ಆವಿ ಹೊರಹೋಗದೆ ಒಳಗೆಲ್ಲ ಒದ್ದೆಯಾಗುತ್ತದೆ, ಜಾಕೆಟ್ ಸೋರುತ್ತಿದೆ ಎಂದು ನಾವು ಭ್ರಮಿಸುತ್ತೇವೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕದೆ, ಇದಕ್ಕೆಂದೇ ಸಿಗುವ ದ್ರವದಲ್ಲಿ ಒಗೆದು, ಲೇಬಲ್ ಅನುಮತಿಸಿದರೆ ಡ್ರೈಯರಿನ ಕಡಿಮೆ ಶಾಖ ಕೊಟ್ಟರೆ ಲೇಪನ ಬಹುಪಾಲು ಮರುಜೀವ ಪಡೆಯುತ್ತದೆ. ನಾನು ಪ್ರತಿ ಚಾರಣದ ನಂತರ ಹೀಗೆ ಮಾಡುತ್ತೇನೆ.

ನಮ್ಮ ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಅಪಾಯವಿದೆ. ನನ್ನ ಮೊದಲ, ಅಗ್ಗದ ಹಾರ್ಡ್‌ಶೆಲ್ಲನ್ನು ಊರಿನ ಮನೆಯಲ್ಲಿ, ಚೀಲದೊಳಗೆ ಮಡಚಿ ಒಂದು ಮಳೆಗಾಲವಿಡೀ ಇಟ್ಟಿದ್ದೆ. ತೆಗೆದಾಗ ಒಳಗಿನ ಪಾಲಿಯುರೆಥೇನ್ ಲೇಪನ ಅಂಟಂಟಾಗಿ, ಹೊಲಿಗೆಯ ಮೇಲಿನ ಟೇಪು ಬಿಸಿಲಿಗೆ ಸುಟ್ಟ ಚರ್ಮದಂತೆ ಸುಲಿದು ಬಂತು. ಗಾಳಿಯ ತೇವ ಆ ಲೇಪನವನ್ನು ನಿಧಾನವಾಗಿ ಒಡೆಯುತ್ತದೆ, ಒಮ್ಮೆ ಹೀಗಾದರೆ ರಿಪೇರಿಯಿಲ್ಲ. ಈಗ ಜಾಕೆಟ್ಟನ್ನು ಚೆನ್ನಾಗಿ ಒಣಗಿಸಿ, ಮಡಚದೆ, ಗಾಳಿಯಾಡುವ ಕಡೆ ಹ್ಯಾಂಗರಿಗೆ ತೂಗುಹಾಕುತ್ತೇನೆ. ಪೊರೆಯಿಲ್ಲದ ಸಾಫ್ಟ್‌ಶೆಲ್ಲಿಗೆ ಈ ಕಾಟ ಇಲ್ಲವೇ ಇಲ್ಲ. ಐದು ವರ್ಷಗಳ ನಂತರವೂ ಮುಂಗೈಯ ಬಳಿ ಬಟ್ಟೆ ಸ್ವಲ್ಪ ಜುಂಗೆದ್ದಿರುವುದನ್ನು ಬಿಟ್ಟರೆ ಅದು ಹೊಸದರಂತೆಯೇ ಇದೆ.

ಒಂದಕ್ಕೇ ಹಣವಿದ್ದರೆ ಹಾರ್ಡ್‌ಶೆಲ್ ಕೊಳ್ಳಿ, ಏಕೆಂದರೆ ಹಿಮಬಿರುಗಾಳಿಯಲ್ಲಿ ಅದಕ್ಕೆ ಬದಲಿಯಿಲ್ಲ. ಆದರೆ ಏರುವಾಗ ಅದನ್ನು ಬ್ಯಾಗಿನಲ್ಲಿಟ್ಟು ಫ್ಲೀಸಿನಲ್ಲೇ ನಡೆಯಿರಿ. ಎರಡೂ ಸಾಧ್ಯವಿದ್ದರೆ ಹಾರ್ಡ್‌ಶೆಲ್ಲನ್ನು ಒಂದು ಅಳತೆ ದೊಡ್ಡದಾಗಿ ತೆಗೆದುಕೊಳ್ಳಿ. ಕುವಾರಿ ಪಾಸ್‌ನಲ್ಲಿ ಗಾಳಿ ಎದ್ದಾಗ ಸಾಫ್ಟ್‌ಶೆಲ್ ಬಿಚ್ಚದೆಯೇ, ಕೈಗವಸನ್ನೂ ಕಳಚದೆ, ಅದರ ಮೇಲೆಯೇ ಹಾರ್ಡ್‌ಶೆಲ್ ತೊಡಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.